ಮಾಲ್ಟಾದಲ್ಲಿ ಬಸ್ಸು ಹತ್ತುವ ಮುನ್ನ

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದ ನಕಾಶೆ ನೋಡಿದವರು ಮೊದಲು ಏಮಾರುವುದು ಅದರ ಅಳತೆ ಕಂಡು. ಮುಖ್ಯ ದ್ವೀಪದ ಉದ್ದ 27 ಕಿಲೋಮೀಟರ್, ಅಗಲ ಹದಿನಾಲ್ಕೂವರೆ. ಇಷ್ಟು ಪುಟ್ಟ ಜಾಗ ತಾನೇ ಎಂದುಕೊಂಡು ಬೆಳಿಗ್ಗೆ ಮ್ದೀನಾ ಕೋಟೆ, ಮಧ್ಯಾಹ್ನ ಮಾರ್ಸಶ್ಲೋಕ್ ಬಂದರು, ಸಂಜೆಗೆ ಗೋಲ್ಡನ್ ಬೇ ಕಡಲತೀರ ಎಂದು ಒಂದೇ ದಿನಕ್ಕೆ ಪಟ್ಟಿ ಹಾಕಿಬಿಡುತ್ತಾರೆ. ಹಾಗೆ ಹೊರಟ ದಿನದ ಮುಕ್ಕಾಲು ಪಾಲು ಬಸ್ಸಿನೊಳಗೆ, ಇಲ್ಲವೇ ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ಮುಗಿಯುತ್ತದೆ. ಇಲ್ಲಿ ಲೆಕ್ಕ ಹಾಕಬೇಕಾದ್ದು ಗಂಟೆಯಲ್ಲಿ, ಕಿಲೋಮೀಟರಿನಲ್ಲಿ ಹಾಕಿದರೆ ತಪ್ಪುತ್ತದೆ. ರಾಜಧಾನಿ ವ್ಯಾಲೆಟ್ಟಾದಿಂದ ಮ್ದೀನಾಗೆ ಹನ್ನೆರಡು ಕಿಲೋಮೀಟರ್ ಆಸುಪಾಸು, ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹಿಡಿಯಿರಿ. ದ್ವೀಪದ ಉತ್ತರದ ತುದಿಯ ಚಿರ್ಕೆವ್ವಾಗೆ ಒಂದೂಕಾಲು ಗಂಟೆ. ದಟ್ಟಣೆಯ ಹೊತ್ತಾದರೆ ಇನ್ನೂ ಹೆಚ್ಚು.

ಕಾರಣವೂ ಸರಳ. ಐದು ಲಕ್ಷಕ್ಕೂ ಮಿಕ್ಕಿದ ಜನ, ಮನೆಗೊಂದೆರಡು ಕಾರು, ಒಂದಕ್ಕೊಂದು ಅಂಟಿಕೊಂಡ ಊರುಗಳು, ರೈಲು ಇಲ್ಲ. ಹಿಂದೆ ಇತ್ತು: 1883ರಿಂದ 1931ರವರೆಗೆ ವ್ಯಾಲೆಟ್ಟಾದಿಂದ ಮ್ದೀನಾದ ಕಡೆಗೆ ಉಗಿಬಂಡಿ ಓಡುತ್ತಿತ್ತು, 1905ರಲ್ಲಿ ಟ್ರಾಮ್ ಕೂಡ ಬಂತು. ಮೋಟಾರು ಬಸ್ಸುಗಳ ಪೈಪೋಟಿಗೆ ಎರಡೂ ನಿಲ್ಲಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನೆಲದ ಮೇಲೆ ಸಾರ್ವಜನಿಕ ಸಾರಿಗೆ ಎಂದರೆ ಬಸ್ಸು ಒಂದೇ. ಆ ಬಸ್ಸು ಕಾರುಗಳ ಜತೆ ಅದೇ ಇಕ್ಕಟ್ಟಿನ ರಸ್ತೆಯಲ್ಲಿ ಕಾದು ನಿಲ್ಲಬೇಕು.

ಬಸ್ಸು ಜಾಲದ ಆಕಾರ ಅರ್ಥವಾದರೆ ಅರ್ಧ ಕೆಲಸ ಮುಗಿದಂತೆ. ಹೆಚ್ಚಿನ ಮಾರ್ಗಗಳ ಒಂದು ತುದಿ ವ್ಯಾಲೆಟ್ಟಾ. 2011ರ ಜುಲೈ 2ರವರೆಗೆ ಓಡಿದ ಹಳದಿ ಬಸ್ಸುಗಳ ಕಾಲದಲ್ಲಿ ಚಾಲಕರೇ ಬಸ್ಸಿನ ಮಾಲೀಕರು, ಊರೂರಿನಿಂದ ನೇರ ರಾಜಧಾನಿಗೆ ಬರುವುದೇ ಪದ್ಧತಿ. ಮರುದಿನದಿಂದ ಅರೈವಾ ಕಂಪನಿ ಹೊಸ ಜಾಲ ತಂದಿತು. ನಡುವೆ ಬಸ್ಸು ಬದಲಿಸಿ ಮುಂದೆ ಹೋಗುವ ಆ ಏರ್ಪಾಡು ಜನಕ್ಕೆ ಒಗ್ಗಲಿಲ್ಲ. ವ್ಯಾಲೆಟ್ಟಾಗೆ ನೇರ ಬಸ್ಸು ಬೇಕೆಂಬ ಒತ್ತಾಯಕ್ಕೆ ಮಾರ್ಗಗಳನ್ನು ತಿದ್ದುತ್ತ ಹೋಗಬೇಕಾಯಿತು. ಲಂಡನ್ನಿನಿಂದ ತಂದ ಉದ್ದನೆಯ ಜೋಡು ಬಸ್ಸುಗಳು ಇಲ್ಲಿನ ತಿರುವುಗಳಲ್ಲಿ ತಿಣುಕಿದವು, ಕೆಲವಕ್ಕೆ ಬೆಂಕಿ ಹೊತ್ತಿಕೊಂಡ ಮೇಲೆ 2013ರ ಆಗಸ್ಟ್‌ನಲ್ಲಿ ಅವನ್ನು ರಸ್ತೆಯಿಂದಲೇ ತೆಗೆದರು. 2014ರ ಆರಂಭಕ್ಕೆ ಸರ್ಕಾರ ಸೇವೆಯನ್ನು ಕೈಗೆ ತೆಗೆದುಕೊಂಡಿತು, 2015ರ ಜನವರಿಯಿಂದ ಸ್ಪೇನಿನ ಲಿಯೋನ್ ಮೂಲದ ಸಂಸ್ಥೆಯೊಂದು ‘ಮಾಲ್ಟಾ ಪಬ್ಲಿಕ್ ಟ್ರಾನ್ಸ್‌ಪೋರ್ಟ್’ ಹೆಸರಿನಲ್ಲಿ ನಡೆಸುತ್ತಿದೆ. ಪ್ರವಾಸಿಗೆ ಈ ಇತಿಹಾಸ ಯಾಕೆ ಬೇಕೆಂದರೆ, ಕೇಂದ್ರದಿಂದ ಹೊರಕ್ಕೆ ಹೋಗುವುದು ಇಲ್ಲಿ ಸುಲಭ, ಅಂಚಿನಿಂದ ಅಂಚಿಗೆ ಹೋಗುವುದು ಕಷ್ಟ. ಹಾಗಾಗಿ ದಿನಕ್ಕೆ ದ್ವೀಪದ ಒಂದೇ ದಿಕ್ಕನ್ನು ಆರಿಸಿಕೊಳ್ಳಿ. ದಕ್ಷಿಣಕ್ಕೆ ಹೊರಟರೆ ಅಂದು ಉತ್ತರದ ಆಸೆ ಬಿಡಿ.

ವ್ಯಾಲೆಟ್ಟಾ ನಿಲ್ದಾಣ ಮಾಲ್ಟಾದ ಮೆಜೆಸ್ಟಿಕ್. ಆದರೆ ಅದು ಊರೊಳಗಿಲ್ಲ, ಕೋಟೆಯ ಹೊರಗಿದೆ. 1566ರಲ್ಲಿ ಅಡಿಪಾಯ ಹಾಕಿದ ಈ ಊರು ಉದ್ದಕ್ಕೆ ಒಂದು ಕಿಲೋಮೀಟರ್ ಸುಮಾರು. ಒಳಗಿನ ಮುಖ್ಯ ಬೀದಿ ನಡೆಯುವವರದು. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ವಿನ್ಯಾಸದ ಹೊಸ ಹೆಬ್ಬಾಗಿಲು ದಾಟಿ ಹೊರಬಂದರೆ ಎದುರಿಗೆ ಮೂವರು ಕಂಚಿನ ಟ್ರೈಟನ್‌ಗಳು, ಅಂದರೆ ಗ್ರೀಕ್ ಪುರಾಣದ ಕಡಲದೇವತೆಗಳು, ತಟ್ಟೆ ಹೊತ್ತ ಕಾರಂಜಿ. ಮೊದಲು ಬಸ್ಸುಗಳು ಈ ಕಾರಂಜಿಯನ್ನೇ ಸುತ್ತಿ ನಿಲ್ಲುತ್ತಿದ್ದವು. ಈಗ ಅಂಕಣಗಳನ್ನು ಅದರಾಚೆ, ಪಕ್ಕದ ಊರು ಫ್ಲೋರಿಯಾನಾ ಕಡೆಗೆ ಹಂಚಿದ್ದಾರೆ. ಪ್ರತಿ ಅಂಕಣಕ್ಕೂ ಒಂದು ಅಕ್ಷರ, ಒಂದು ಅಂಕಿ: ಎ1, ಬಿ3, ಸಿ2 ಎಂಬಂತೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಡೆಯಲು ಐದು ನಿಮಿಷವಾದರೂ ಬೇಕು. ಬಸ್ಸಿನ ಸಂಖ್ಯೆಯಷ್ಟನ್ನೇ ಗೊತ್ತುಮಾಡಿಕೊಂಡು ಬಂದವರು ಎದುರಿನ ಸಾಲಿನಿಂದ ತಮ್ಮ ಬಸ್ಸು ಹೊರಡುವುದನ್ನು ನೋಡುತ್ತ ನಿಲ್ಲುತ್ತಾರೆ. ಅಂಕಣದ ಗುರುತನ್ನೂ ಮೊದಲೇ ನೋಡಿಕೊಳ್ಳಿ. ನಿಲ್ದಾಣದ ಫಲಕದಲ್ಲೂ ಸಂಸ್ಥೆಯ ‘ತಲ್ಲಿನ್ಯಾ’ ಆ್ಯಪ್‌ನಲ್ಲೂ ಅದು ಸಿಗುತ್ತದೆ.

ಬಸ್ಸು ಹೊರಡುವ ಜಾಗದಲ್ಲೇ ಹತ್ತಿ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ವ್ಯಾಲೆಟ್ಟಾದಲ್ಲಿ ಹತ್ತಿದವರಿಗೆ ಸೀಟು ಸಿಗುತ್ತದೆ, ಎರಡು ಮೂರು ಸ್ಟಾಪ್ ಮುಂದೆ ಕಾಯುತ್ತಿರುವವರಿಗೆ ಬಸ್ಸೇ ಸಿಗದಿರಬಹುದು. ತುಂಬಿದ ಬಸ್ಸು ಇಲ್ಲಿ ನಿಲ್ಲುವುದಿಲ್ಲ. ಇಳಿಯುವವರಿಲ್ಲದಿದ್ದರೆ ಹಾಗೆಯೇ ಮುಂದೆ ಹೋಗುತ್ತದೆ. ಬಾಗಿಲಿಗೆ ಜೋತುಬಿದ್ದು ಹೋಗುವ ಮಾತೇ ಇಲ್ಲ. ಬೇಸಿಗೆಯ ಬೆಳಿಗ್ಗೆ ಹತ್ತರ ಹೊತ್ತಿಗೆ ವ್ಯಾಲೆಟ್ಟಾದ ಎದುರು ದಡದ ಸ್ಲೀಮಾದಿಂದ ಚಿರ್ಕೆವ್ವಾಗೆ ಹೋಗುವ 222ನೇ ನಂಬರಿನ ಬಸ್ಸಿಗೆ ನಡುದಾರಿಯಲ್ಲಿ ಕಾದವರು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುವುದು ಅಪರೂಪವಲ್ಲ. ಅಂಥ ಕಡೆ ಉಳಿದುಕೊಂಡಿದ್ದರೆ, ಹಿಂದಕ್ಕೆ ನಾಲ್ಕು ಸ್ಟಾಪ್ ನಡೆದುಹೋಗಿ ಮೊದಲ ನಿಲ್ದಾಣದಲ್ಲಿ ಹತ್ತುವುದೇ ಮೇಲು.

ಹಾಗೆಯೇ, ಸ್ಟಾಪಿನಲ್ಲಿ ನಿಂತ ಮಾತ್ರಕ್ಕೆ ಬಸ್ಸು ನಿಲ್ಲುವುದಿಲ್ಲ. ಕೈ ಚಾಚಿ ತೋರಿಸಬೇಕು, ಅದೂ ಡ್ರೈವರಿಗೆ ಕಾಣುವಷ್ಟು ಮುಂಚೆ. ಒಂದೇ ಸ್ಟಾಪಿಗೆ ಐದಾರು ಸಂಖ್ಯೆಯ ಬಸ್ಸು ಬರುವುದರಿಂದ ನೀವು ಯಾವುದಕ್ಕೆ ಕಾಯುತ್ತಿದ್ದೀರೆಂದು ಅವರಿಗೆ ತಿಳಿಯುವುದು ಹೀಗೆ ಮಾತ್ರ. ಇಳಿಯುವ ಸ್ಟಾಪಿಗೆ ಮುಂಚೆ ಕಂಬದ ಮೇಲಿನ ಗುಂಡಿ ಒತ್ತಬೇಕು. ಹತ್ತುವುದು ಮುಂದಿನ ಬಾಗಿಲಲ್ಲಿ, ಇಳಿಯುವುದು ನಡುವಿನದರಲ್ಲಿ. ಕಂಡಕ್ಟರ್ ಇರುವುದಿಲ್ಲ. ಬ್ರಿಟಿಷರ ಆಳ್ವಿಕೆಯಿಂದಾಗಿ ವಾಹನಗಳು ಎಡಬದಿಗೇ ಚಲಿಸುತ್ತವೆ, ಹಾಗಾಗಿ ನಮ್ಮೂರಿನಂತೆಯೇ ನಿಂತರೆ ಸಾಕು. ಯುರೋಪಿನ ಬೇರೆ ದೇಶ ಸುತ್ತಿ ಬಂದವರು ಮಾತ್ರ ಎದುರು ಬದಿಯಲ್ಲಿ ನಿಂತುಬಿಡುತ್ತಾರೆ. ಆದರೆ ವಾಪಸು ಬರುವ ಸ್ಟಾಪ್ ಸರಿಯಾಗಿ ಎದುರಿಗೇ ಇದೆಯೆಂದು ನಂಬಬೇಡಿ. ಮೋಸ್ಟಾ, ರಬಾತ್‌ಗಳಂಥ ಹಳೆಯ ಊರುಗಳಲ್ಲಿ ಏಕಮುಖ ಬೀದಿಗಳು ಹೆಚ್ಚು. ಹೋಗುವ ಬಸ್ಸು ಒಂದು ಬೀದಿಯಲ್ಲಿ, ಬರುವ ಬಸ್ಸು ಮತ್ತೊಂದರಲ್ಲಿ. ಇಳಿದ ಕೂಡಲೇ, ಊರು ನೋಡಲು ಹೋಗುವ ಮೊದಲೇ, ಮರಳುವ ಸ್ಟಾಪ್ ಎಲ್ಲಿ ಎಂದು ಕೇಳಿಟ್ಟುಕೊಳ್ಳಿ. ಇಂಗ್ಲಿಷ್ ಇಲ್ಲಿ ಅಧಿಕೃತ ಭಾಷೆ, ಯಾರನ್ನು ಬೇಕಾದರೂ ಕೇಳಬಹುದು. ಈಚಿನ ವರ್ಷಗಳಲ್ಲಿ ಡ್ರೈವರುಗಳಲ್ಲಿ ಭಾರತದವರೂ ಇದ್ದಾರೆ.

ಇನ್ನು ಹಣದ ವಿಷಯ. ಡ್ರೈವರ್ ಬಳಿ ಕೊಳ್ಳುವ ಬಿಡಿ ಟಿಕೆಟ್ಟಿಗೆ ಚಳಿಗಾಲದಲ್ಲಿ 2 ಯೂರೋ, ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗಿನ ಬೇಸಿಗೆಯಲ್ಲಿ 2.50, ರಾತ್ರಿ ಸೇವೆಗೆ 3 ಯೂರೋ ಎಂಬ ಕ್ರಮ ಬಹುಕಾಲದಿಂದ ಇದೆ. ದರ ಪರಿಷ್ಕರಣೆ ಆಗುತ್ತಿರುತ್ತದೆ, ಹೊರಡುವ ವಾರ ಸಂಸ್ಥೆಯ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ. ಈ ಟಿಕೆಟ್ಟಿಗೆ ಎರಡು ಗಂಟೆ ಆಯುಸ್ಸು. ಅಷ್ಟರಲ್ಲಿ ಎಷ್ಟು ಬಸ್ಸು ಬೇಕಾದರೂ ಬದಲಿಸಬಹುದು. ವ್ಯಾಲೆಟ್ಟಾದಲ್ಲಿ ಬಸ್ಸು ಬದಲಿಸಬೇಕಾದವರಿಗೆ ಇದು ದೊಡ್ಡ ಅನುಕೂಲ. ಟಿಕೆಟ್ಟನ್ನು ಬಿಸಾಡಬೇಡಿ, ಮುಂದಿನ ಬಸ್ಸಿನ ಯಂತ್ರಕ್ಕೆ ಮತ್ತೆ ತೋರಿಸಬೇಕಾಗುತ್ತದೆ. ದೊಡ್ಡ ನೋಟು ಕೊಟ್ಟರೆ ಚಿಲ್ಲರೆಯ ತೊಂದರೆ ಆಗುತ್ತದೆ, ಹಿಂದೆ ಸಾಲು ಬೆಳೆಯುತ್ತದೆ; ನಾಣ್ಯಗಳನ್ನು ಇಟ್ಟುಕೊಳ್ಳಿ.

ಬ್ಯಾಂಕ್ ಕಾರ್ಡನ್ನು ಯಂತ್ರಕ್ಕೆ ತಾಕಿಸಿಯೂ ಹಣ ಕೊಡಬಹುದು. ಭಾರತದಿಂದ ಕಾರ್ಡ್ ತರುವವರು ಒಂದು ಕೆಲಸ ಮಾಡಿಕೊಂಡೇ ಹೊರಡಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಕಾರ್ಡುಗಳಲ್ಲಿ ವಿದೇಶಿ ವಹಿವಾಟನ್ನೂ ತಾಕಿಸಿ ಪಾವತಿಸುವ ಸೌಲಭ್ಯವನ್ನೂ ನಾವೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಇವು ಬೇರೆಬೇರೆ ಗುಂಡಿಗಳು. ಒಂದನ್ನು ಚಾಲೂ ಮಾಡಿ ಇನ್ನೊಂದನ್ನು ಮರೆತರೆ ಹೋಟೆಲಿನಲ್ಲಿ ನಡೆದ ಕಾರ್ಡು ಬಸ್ಸಿನಲ್ಲಿ ನಡೆಯುವುದಿಲ್ಲ. ಕುಟುಂಬದ ಜತೆ ಹೋಗುವವರು ತಲೆಗೊಂದು ಕಾರ್ಡು ಇಟ್ಟುಕೊಂಡರೆ, ಬಸ್ಸು ಬದಲಿಸುವಾಗ ಯಾರ ಎರಡು ಗಂಟೆ ಯಾವ ಕಾರ್ಡಿನಲ್ಲಿದೆ ಎಂಬ ಗೊಂದಲ ಇರುವುದಿಲ್ಲ.

ಏಳು ದಿನದ ‘ಎಕ್ಸ್‌ಪ್ಲೋರ್’ ಕಾರ್ಡು ವಯಸ್ಕರಿಗೆ 25 ಯೂರೋ. ಬೇಸಿಗೆ ದರದಲ್ಲಿ ಹತ್ತು ಟಿಕೆಟ್ಟಿಗೆ ಅದು ಸರಿಹೋಗುತ್ತದೆ, ಚಳಿಗಾಲದಲ್ಲಿ ಹದಿಮೂರನೆಯ ಟಿಕೆಟ್ಟಿಗೆ. ನಾಲ್ಕೈದು ದಿನ ದಿನಕ್ಕೆ ಎರಡು ಮೂರು ಪಯಣ ಮಾಡುವವರಿಗೆ ಖಂಡಿತ ಲಾಭ. ಆದರೆ ಕಾರ್ಡು ಒಬ್ಬರಿಗಷ್ಟೇ, ಇನ್ನೊಬ್ಬರಿಗೆ ಕೊಡುವಂತಿಲ್ಲ. ಮೂರು ದಿನಕ್ಕೆ ಬಂದ ನಾಲ್ಕು ಜನರ ಗುಂಪಾದರೆ ಹನ್ನೆರಡು ಪಯಣಗಳ ಕಾರ್ಡು ಒಳ್ಳೆಯದು, ಅದನ್ನು ಎಲ್ಲರೂ ಹಂಚಿಕೊಳ್ಳಬಹುದು. ನಿವಾಸಿಗಳಿಗೆ 2022ರ ಅಕ್ಟೋಬರ್ 1ರಿಂದ ಬಸ್ಸು ಉಚಿತ. ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟ ಅಜ್ಜಿಯರು, ಪಾಳಿ ಮುಗಿಸಿ ಬರುವ ಕೆಲಸಗಾರರು ಎಲ್ಲರಿಗೂ ಇದೇ ಬಸ್ಸು. ಅವರ ದಟ್ಟಣೆಯ ಹೊತ್ತನ್ನು ಬಿಟ್ಟು, ಬೆಳಿಗ್ಗೆ ಒಂಬತ್ತರ ನಂತರ ಹೊರಟು ಸಂಜೆ ನಾಲ್ಕರೊಳಗೆ ಮರಳುವುದು ಅಥವಾ ಏಳರವರೆಗೆ ಅಲ್ಲೇ ಉಳಿಯುವುದು ಪ್ರವಾಸಿಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

ದಟ್ಟಣೆ ಎಲ್ಲಿ ಗಂಟುಬೀಳುತ್ತದೆ ಎಂದರೆ ಇಮ್ಸೀದಾದಲ್ಲಿ. ವ್ಯಾಲೆಟ್ಟಾದಿಂದ ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆಗೆ ಹೋಗುವ ಬಸ್ಸುಗಳೂ ವಿಶ್ವವಿದ್ಯಾಲಯ, ಮಾತೆರ್ ದೇಯಿ ಆಸ್ಪತ್ರೆಗಳ ವಾಹನಗಳೂ ಈ ಕೊಲ್ಲಿಯ ದಂಡೆಯಲ್ಲಿ ಸೇರುತ್ತವೆ. ಸುತ್ತಲ ದಿಬ್ಬಗಳ ನೀರೆಲ್ಲ ಇಳಿದು ಬರುವ ತಗ್ಗು ಜಾಗವಾದ್ದರಿಂದ ಜೋರು ಮಳೆಗೆ ರಸ್ತೆಯೇ ಹೊಳೆಯಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮೊದಲ ಮಳೆಯ ದಿನ ಇಲ್ಲಿ ಬಸ್ಸಿನ ವೇಳಾಪಟ್ಟಿಗೆ ಅರ್ಥವಿರುವುದಿಲ್ಲ. ವ್ಯಾಲೆಟ್ಟಾ–ಸ್ಲೀಮಾ ನಡುವೆ 13ನೇ ನಂಬರಿನ ಬಸ್ಸು ಒಳ್ಳೆಯ ಹೊತ್ತಿನಲ್ಲಿ ಅರ್ಧ ಗಂಟೆಯೊಳಗೆ ತಲುಪಿಸುತ್ತದೆ, ಸಂಜೆ ಐದಕ್ಕೆ ಅದೇ ದಾರಿ ಮುಕ್ಕಾಲು ಗಂಟೆ ದಾಟಬಹುದು. ಆಗ ಬಸ್ಸಿನ ಹಂಬಲ ಬಿಟ್ಟು ಮಾರ್ಸಾಮ್ಶೆತ್ ಬಂದರಿಗೆ ಇಳಿದು ದೋಣಿ ಹತ್ತಿ. ಎದುರು ದಡಕ್ಕೆ ಹತ್ತು ನಿಮಿಷವೂ ಬೇಡ. ಬಿಡಿ ಬಸ್ ಟಿಕೆಟ್ಟು ದೋಣಿಗೆ ನಡೆಯುವುದಿಲ್ಲ, ಬೇರೆ ತೆಗೆದುಕೊಳ್ಳಬೇಕು. ವ್ಯಾಲೆಟ್ಟಾ ಕಡೆಯ ದಡದಿಂದ ಊರೊಳಗಿನ ಮುಖ್ಯ ಬೀದಿಗೆ ಕಡಿದಾದ ಏರು. ಮಂಡಿ ನೋವಿದ್ದವರು ಊರನ್ನು ಸುತ್ತುವ 133ರ ಬಸ್ಸಿನ ಸಮಯ ನೋಡಿಕೊಂಡರೆ ಒಳ್ಳೆಯದು. ಗಾಳಿ ಜೋರಾದ ದಿನ ದೋಣಿ ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಸಂಜೆಯೇ ಮುಗಿಸುತ್ತಾರೆ.

ವ್ಯಾಲೆಟ್ಟಾದ ಇನ್ನೊಂದು ಬದಿಯ ಬಂದರಿನಾಚೆ ಇರುವ ಬಿರ್ಗು ಊರಿಗೂ ಇದೇ ಮಾತು. 2ನೇ ನಂಬರಿನ ಬಸ್ಸು ಬಂದರನ್ನೆಲ್ಲ ಸುತ್ತಿಕೊಂಡು ಹೋಗುತ್ತದೆ, ದೋಣಿ ನೇರ ದಾಟುತ್ತದೆ. ಆ ಬದಿಯ ವ್ಯಾಲೆಟ್ಟಾ ದಡದಲ್ಲಿ ಏರು ಹತ್ತುವ ಕಷ್ಟವೂ ಇಲ್ಲ: 2012ರ ಡಿಸೆಂಬರಿನಲ್ಲಿ ತೆರೆದ 58 ಮೀಟರ್ ಎತ್ತರದ ಬರ್ರಾಕ್ಕಾ ಲಿಫ್ಟು ದಂಡೆಯಿಂದ ಮೇಲಿನ ಉದ್ಯಾನಕ್ಕೆ ಒಯ್ದು ಬಿಡುತ್ತದೆ.

ಅಂಚಿನಿಂದ ಅಂಚಿಗೆ ಹೋಗುವುದು ಕಷ್ಟ ಎಂದೆ. ಅದಕ್ಕೆ ಅಡ್ಡಮಾರ್ಗದ ಬಸ್ಸುಗಳಿವೆ. ಹೆಚ್ಚಿನ ಪ್ರವಾಸಿಗರು ಅವನ್ನು ಗಮನಿಸದೆ ವ್ಯಾಲೆಟ್ಟಾಗೆ ಹಿಂದಿರುಗಿ ಮತ್ತೆ ಹೊರಡುತ್ತಾರೆ. ಸ್ಲೀಮಾದಿಂದ ರಬಾತ್‌ಗೆ 202, ಬುಜಿಬ್ಬಾದಿಂದ ಚಿರ್ಕೆವ್ವಾಗೆ 221. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ರಬಾತ್ ಮತ್ತು ವಿಮಾನ ನಿಲ್ದಾಣದ ನಡುವಿನ 201. ಸುಮಾರು ಗಂಟೆಗೊಂದು ಬಸ್ಸು, ಅಷ್ಟೇನೂ ನಿಖರವಲ್ಲದ ಸಮಯ, ಆದರೂ ದ್ವೀಪವನ್ನು ಅದು ತೋರಿಸುವಷ್ಟು ಚೆನ್ನಾಗಿ ಬೇರಾವ ಮಾರ್ಗವೂ ತೋರಿಸುವುದಿಲ್ಲ. ಬೆಳಿಗ್ಗೆ 51, 52 ಅಥವಾ 53 ಹಿಡಿದು ರಬಾತ್‌ಗೆ ಬನ್ನಿ; ಮ್ದೀನಾ ಕೋಟೆಯ ಬಾಗಿಲು ಸ್ಟಾಪಿನಿಂದ ಕೆಲವೇ ನಿಮಿಷ. ಪ್ರವಾಸಿ ತಂಡಗಳು ಬರುವ ಮೊದಲೇ ಕೋಟೆಯೊಳಗೆ ಸುತ್ತಾಡಿ, ಹನ್ನೊಂದರ ಹೊತ್ತಿಗೆ 201 ಹತ್ತಿ. ಕೂರುವುದು ಬಲಬದಿಯಲ್ಲಿ, ಡ್ರೈವರಿನ ಹಿಂದಿನ ಸೀಟುಗಳ ಸಾಲಿನಲ್ಲಿ. ದಿಂಗ್ಲಿ ಊರು ದಾಟಿದ ಮೇಲೆ ಬಲಕ್ಕೆ ನೆಲ ಥಟ್ಟನೆ ಮುಗಿದು ಸಮುದ್ರ ಕಾಣುತ್ತದೆ. ಇಲ್ಲೇ ಮಾಲ್ಟಾದ ಅತಿ ಎತ್ತರದ ಜಾಗ, 253 ಮೀಟರ್. ಕಡಿದ ಬಂಡೆಯ ಅಂಚಿನಲ್ಲಿ ಒಂಟಿಯಾಗಿ ನಿಂತಿರುವ ಪುಟ್ಟ ಮಗ್ದಲೀನಾ ಪ್ರಾರ್ಥನಾ ಮಂದಿರದ ಬಳಿ ಇಳಿಯುವ ಆಸೆ ಆಗುತ್ತದೆ. ಇಳಿದರೆ ಮುಂದಿನ ಬಸ್ಸಿಗೆ ಒಂದು ಗಂಟೆ, ನೆರಳಿಲ್ಲ, ನೀರು ಸಿಗುವ ಖಾತ್ರಿಯಿಲ್ಲ. ಜುಲೈ, ಆಗಸ್ಟಿನಲ್ಲಿ ಇಳಿಯಬೇಡಿ. ಮಾರ್ಚಿನಲ್ಲಿ ಬಂಡೆಯ ಸಂದಿಯಲ್ಲೆಲ್ಲ ಹೂವಿರುವಾಗ ಇಳಿಯಲೇಬೇಕು.

ಮುಂದಿನದು ಹಜಾರ್ ಈಮ್. ಕ್ರಿಸ್ತಪೂರ್ವ 3600ರಿಂದ 3200ರ ನಡುವಿನ ಕಲ್ಲಿನ ದೇಗುಲ. ಮಳೆಬಿಸಿಲಿನಿಂದ ಕಾಪಾಡಲು 2009ರಿಂದ ಮೇಲೆ ದೊಡ್ಡ ಬಿಳಿ ಚಾವಣಿ ಹೊದಿಸಿದ್ದಾರೆ. ಅರ್ಧ ಕಿಲೋಮೀಟರ್ ಕೆಳಗೆ, ಸಮುದ್ರದ ಕಡೆಗೆ, ಇಮ್ನೈದ್ರಾ ಎಂಬ ಇನ್ನೊಂದು. ಎರಡನ್ನೂ ಸರಿಯಾಗಿ ನೋಡಲು ಒಂದೂವರೆ ಗಂಟೆ ಬೇಕು. ಎರಡು ಗಂಟೆಯ ಟಿಕೆಟ್ಟಿನ ಲೆಕ್ಕ ಇಲ್ಲಿ ಮುರಿದುಬೀಳುತ್ತದೆ, ಈ ದಿನಕ್ಕೆ ಕಾರ್ಡು ಇದ್ದವರೇ ಜಾಣರು. ನಂತರ ಬ್ಲೂ ಗ್ರಾಟೊ ಎಂಬ ಕಡಲ ಗುಹೆಗಳು. ಸ್ಟಾಪು ಮೇಲಿದೆ, ದೋಣಿ ಹೊರಡುವ ಕಟ್ಟೆ ಕೆಳಗೆ. ಅಲೆ ಎದ್ದ ದಿನ ದೋಣಿ ಬಿಡುವುದಿಲ್ಲ, ಆದ್ದರಿಂದ ಇಳಿಯುವ ಮೊದಲೇ ವಿಚಾರಿಸುವುದು ಕ್ಷೇಮ. ಗುಹೆಗಳೊಳಗಿನ ನೀಲಿ ಚೆನ್ನಾಗಿ ಕಾಣುವುದು ಬೆಳಗಿನ ಬಿಸಿಲಿಗೆ; ಅದೇ ಮುಖ್ಯ ಎನ್ನುವವರು ಈ ಇಡೀ ದಿನವನ್ನು ತಿರುಗುಮುರುಗಾಗಿ, ವ್ಯಾಲೆಟ್ಟಾದಿಂದ 74 ಹಿಡಿದು ಇಲ್ಲಿಂದಲೇ ಶುರುಮಾಡಲಿ. ಆಗ 201ರಲ್ಲಿ ಕೂರಬೇಕಾದ್ದು ಎಡಬದಿಗೆ.

ಬಸ್ಸಿನೊಳಗೆ ಮುಂದಿನ ಸ್ಟಾಪಿನ ಹೆಸರು ಕೂಗುತ್ತದೆ, ಪರದೆಯಲ್ಲೂ ಬರುತ್ತದೆ. ಆದರೆ ಓದಿದ ಹೆಸರೂ ಕೇಳಿದ ಹೆಸರೂ ಹೊಂದುವುದಿಲ್ಲ. ಮಾಲ್ಟೀಸ್ ಬರಹದಲ್ಲಿ ಎಕ್ಸ್ ಅಕ್ಷರ ‘ಶ’, ಜೆ ಅಕ್ಷರ ‘ಯ’, ಕ್ಯೂ ಅಕ್ಷರ ಗಂಟಲಲ್ಲೇ ತಡೆದು ನಿಲ್ಲುವ ಸದ್ದು. ಇಷ್ಟು ತಿಳಿದಿದ್ದರೆ, Xlendi ಎಂದು ಬರೆದ ಊರಿಗೆ ಹೊರಟವರು ಶ್ಲೆಂದಿ ಎಂದು ಕೂಗಿದಾಗ ಇಳಿಯುತ್ತೀರಿ. ಫೋನಿನ ನಕ್ಷೆಯನ್ನೂ ತೆರೆದಿಟ್ಟುಕೊಳ್ಳಿ. ಬಸ್ಸಿನ ಸಮಯ ನೋಡುವಾಗ ಒಂದು ವ್ಯತ್ಯಾಸ ಗಮನಿಸಿ: ವೇಳಾಪಟ್ಟಿಯ ಸಮಯ ಬೇರೆ, ಬಸ್ಸು ನಿಜಕ್ಕೂ ಎಲ್ಲಿದೆ ಎಂದು ನೋಡಿ ಹೇಳುವ ಸಮಯ ಬೇರೆ. ಮೊದಲನೆಯದನ್ನು ನಂಬಿ ಹೋಟೆಲಿನಿಂದ ಹೊರಡಬಹುದು. ಕಾಯುವುದೋ ನಡೆಯುವುದೋ ಎಂದು ತೀರ್ಮಾನಿಸುವುದು ಎರಡನೆಯದನ್ನು ನೋಡಿದ ಮೇಲೆ.

ಭಾನುವಾರ ಮಾರ್ಸಶ್ಲೋಕ್‌ನಲ್ಲಿ ಮೀನಿನ ಸಂತೆ. 81, 85ರ ಬಸ್ಸುಗಳು ಹತ್ತು ಗಂಟೆಗೆಲ್ಲ ತುಂಬಿ ಹೋಗುತ್ತವೆ, ಎಂಟಕ್ಕೇ ಹೊರಡಬೇಕು. ಮೀನು ತಿನ್ನದವರು ವಾರದ ದಿನ ಹೋದರೆ ಬಣ್ಣದ ದೋಣಿಗಳನ್ನು ನೆಮ್ಮದಿಯಿಂದ ನೋಡಬಹುದು. ಬೇಸಿಗೆಯ ವಾರಾಂತ್ಯಗಳಲ್ಲಿ ಊರೂರಲ್ಲಿ ಸಂತರ ಹಬ್ಬ. ಮೆರವಣಿಗೆಗೆಂದು ಮುಖ್ಯ ಬೀದಿ ಮುಚ್ಚುತ್ತಾರೆ, ಬಸ್ಸು ಊರ ಹೊರಗಿನಿಂದಲೇ ತಿರುಗಿಹೋಗುತ್ತದೆ. ನಿಮ್ಮ ಸ್ಟಾಪಿನ ಕಂಬಕ್ಕೆ ಚೀಟಿ ಅಂಟಿಸಿದ್ದರೆ ಓದಿ, ಬದಲಿ ಸ್ಟಾಪ್ ಯಾವುದೆಂದು ಅದರಲ್ಲಿರುತ್ತದೆ. ಪಾವ್ಲಾ ಊರಿನ ಹೈಪೊಜಿಯಂ ಎಂಬ ನೆಲದಡಿಯ ಪುರಾತನ ಸಮಾಧಿಗೆ ದಿನಕ್ಕೆ 80 ಜನರಿಗಷ್ಟೇ ಪ್ರವೇಶ, ಒಂದು ಸಲಕ್ಕೆ ಹತ್ತು ಮಂದಿ. ತಿಂಗಳುಗಟ್ಟಲೆ ಮೊದಲೇ ಕಾದಿರಿಸಿದ ಆ ಸಮಯ ತಪ್ಪಿದರೆ ಮತ್ತೆ ಸಿಗುವುದು ಕಷ್ಟ. ವ್ಯಾಲೆಟ್ಟಾದಿಂದ ಪಾವ್ಲಾಗೆ ಬಸ್ಸುಗಳು ಬೇಕಾದಷ್ಟಿದ್ದರೂ ಒಂದು ಗಂಟೆ ಮುಂಚೆಯೇ ಹೊರಡಿ.

ಗೋಜೊ ದ್ವೀಪಕ್ಕೆ ಹೋಗುವ ದಿನ ಬೇರೆಯದೇ ಶಿಸ್ತು ಬೇಕು. ವ್ಯಾಲೆಟ್ಟಾದಿಂದ 41 ಅಥವಾ 42 ಚಿರ್ಕೆವ್ವಾಗೆ ಒಯ್ಯುತ್ತದೆ, ಅಲ್ಲಿಂದ ಕಾರುಗಳನ್ನೂ ಸಾಗಿಸುವ ದೊಡ್ಡ ದೋಣಿ 25 ನಿಮಿಷದಲ್ಲಿ ಗೋಜೊದ ಬಂದರು ಇಮ್ಜಾರ್ ಮುಟ್ಟುತ್ತದೆ. ಹೋಗುವಾಗ ಹಣ ಕೇಳುವುದಿಲ್ಲ, ಬರುವಾಗ ಗೋಜೊದಲ್ಲಿ ಟಿಕೆಟ್ಟು. 2021ರ ಜೂನ್‌ನಿಂದ ವ್ಯಾಲೆಟ್ಟಾದಿಂದಲೇ ಇಮ್ಜಾರ್‌ಗೆ ವೇಗದ ದೋಣಿಯಿದೆ, ಮುಕ್ಕಾಲು ಗಂಟೆ. ವ್ಯಾಲೆಟ್ಟಾದಲ್ಲಿ ಉಳಿದವರು ಇದನ್ನೇ ಹಿಡಿಯಲಿ. ಬಸ್ಸಿನ ಒಂದೂಕಾಲು ಗಂಟೆಯ ಪಯಣ ತಪ್ಪುತ್ತದೆ. ಇಮ್ಜಾರ್‌ನಲ್ಲಿ ಇಳಿದವರೆಲ್ಲ ಒಟ್ಟಿಗೆ ಬಸ್ಸಿನತ್ತ ಧಾವಿಸುತ್ತಾರೆ, ಹಾಗಾಗಿ ದೋಣಿ ದಡ ಸೇರುವ ಮೊದಲೇ ಇಳಿಯುವ ಬಾಗಿಲ ಬಳಿ ನಿಂತಿರಿ. 301 ಅಥವಾ 323 ಗೋಜೊದ ಮುಖ್ಯ ಊರು ವಿಕ್ಟೋರಿಯಾಗೆ ಹೋಗುತ್ತದೆ. ಅಲ್ಲಿಂದ ಮಾರ್ಸಲ್ಫೋರ್ನ್‌ಗೆ 310, ದ್ವೇಯ್ರಾಗೆ 311, ಶ್ಲೆಂದಿಗೆ 312. ದ್ವೇಯ್ರಾದ ಪ್ರಸಿದ್ಧ ಕಲ್ಲಿನ ಕಮಾನು 2017ರ ಮಾರ್ಚ್ 8ರ ಬಿರುಗಾಳಿಗೆ ಕುಸಿದುಹೋಯಿತು, ಆದರೂ ಆ ಕಡಲಂಚು ನೋಡುವಂಥದ್ದೇ. ಇಲ್ಲಿನ ಹಲವು ಬಸ್ಸುಗಳು ಗಂಟೆಗೊಂದರಂತೆ. ಇಳಿದ ತಕ್ಷಣ ಮರಳುವ ಬಸ್ಸಿನ ಸಮಯವನ್ನು ಕಂಬದ ಮೇಲೆ ನೋಡಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ಊರಿಗಿಂತ ಹೆಚ್ಚು ನೋಡುವ ಹಟ ಬೇಡ, ವಿಕ್ಟೋರಿಯಾದ ಕೋಟೆಗೆ ಒಂದೆರಡು ಗಂಟೆ ಇರಲಿ.

ವಿಮಾನ ನಿಲ್ದಾಣಕ್ಕೆ ವ್ಯಾಲೆಟ್ಟಾದಿಂದ ಎಕ್ಸ್4 ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಸೇಂಟ್ ಜೂಲಿಯನ್ಸ್ ಕಡೆಗೆ ಕಡಿಮೆ ಸ್ಟಾಪಿನ ‘ಟಿಡಿ’ ಸರಣಿಯ ನೇರ ಬಸ್ಸುಗಳಿವೆ, ಅವಕ್ಕೆ ದರ ಸ್ವಲ್ಪ ಹೆಚ್ಚು. ಪೆಟ್ಟಿಗೆ ಇಡುವ ಜಾಗ ಮುಂಭಾಗದಲ್ಲಿ ಒಂದಿಷ್ಟೇ; ದೊಡ್ಡ ಪೆಟ್ಟಿಗೆಯಿದ್ದವರು ಇಲ್ಲೂ ಮೊದಲ ಸ್ಟಾಪಿನಲ್ಲೇ ಹತ್ತಬೇಕು. ಹಗಲಿನ ವಿಮಾನಕ್ಕೆ ಸಾಮಾನ್ಯ ಲೆಕ್ಕದ ಮೇಲೆ ಒಂದು ಗಂಟೆ ಸೇರಿಸಿ ಹೊರಡಿ. ನಸುಕಿನ ಆರಕ್ಕೆ ವಿಮಾನವಿದ್ದರೆ ಬಸ್ಸಿನ ಯೋಚನೆ ಬಿಟ್ಟು ಹಿಂದಿನ ರಾತ್ರಿಯೇ ಬೋಲ್ಟ್ ಅಥವಾ ಇಕ್ಯಾಬ್ಸ್ ಆ್ಯಪ್‌ನಲ್ಲಿ ಟ್ಯಾಕ್ಸಿ ಗೊತ್ತುಮಾಡಿಟ್ಟು ಮಲಗಿ.